ಸರದಿಯ ಆಟ, ಸೋಲಿನ ಹೊಣೆ

ವಿಡಿಯೊ ಗೇಮ್‌ಗಳ ಕುರಿತ ಚರ್ಚೆಯಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿರುವ ಅಭಿಪ್ರಾಯವೊಂದಿದೆ. ಒಬ್ಬರು ನಡೆಯಿಟ್ಟು ಮುಗಿಸಿದ ಮೇಲೆ ಇನ್ನೊಬ್ಬರು ನಡೆಯಿಡುವ ಬಗೆಯ ಆಟಗಳು ಕಂಪ್ಯೂಟರಿನ ಬಾಲ್ಯಕಾಲದ ಉಳಿಕೆಗಳೆಂದೂ, ಹಳೆಯ ಯಂತ್ರಗಳಿಗೆ ಹತ್ತಾರು ಪಾತ್ರಗಳನ್ನು ಏಕಕಾಲಕ್ಕೆ ಓಡಾಡಿಸುವ ಶಕ್ತಿ ಇರಲಿಲ್ಲವಾದ್ದರಿಂದ ವಿನ್ಯಾಸಕಾರರು ಸರದಿಯ ಪದ್ಧತಿಗೆ ಮೊರೆಹೋದರೆಂದೂ, ಶಕ್ತಿ ಬಂದ ಮೇಲೂ ಅದನ್ನೇ ಮೆಚ್ಚಿ ಕೂತವರು ತಮ್ಮ ಎಳವೆಯ ನೆನಪನ್ನು ಮೆಚ್ಚುತ್ತಿದ್ದಾರೆಯೇ ಹೊರತು ಆಟವನ್ನಲ್ಲವೆಂದೂ ಆ ಅಭಿಪ್ರಾಯ ಹೇಳುತ್ತದೆ. ಚರಿತ್ರೆ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. 1962ರ ‘ಸ್ಪೇಸ್‌ವಾರ್’, 1972ರ ‘ಪಾಂಗ್’, 1978ರ ‘ಸ್ಪೇಸ್ ಇನ್‌ವೇಡರ್ಸ್’, 1980ರ ‘ಪ್ಯಾಕ್‌ಮ್ಯಾನ್’ ಇವೆಲ್ಲವೂ ಅತಿ ದುರ್ಬಲ ಯಂತ್ರಗಳ ಮೇಲೆ ನಡೆದ, ಕ್ಷಣಕ್ಷಣಕ್ಕೂ ಕೈಚುರುಕನ್ನು ಬೇಡಿದ ಆಟಗಳು. ಇತ್ತ ಸರದಿಯ ಆಟಗಳಲ್ಲಿ ಮೇರುಕೃತಿಯೆಂದು ಹೆಸರಾದ ‘ಎಕ್ಸ್-ಕಾಮ್’ ಹೊರಬಂದದ್ದು 1994ರಲ್ಲಿ. ಸೈನ್ಯಗಳನ್ನು ನಿರಂತರ ಚಲನೆಯಲ್ಲಿ ನಡೆಸಬಹುದೆಂದು ‘ಡ್ಯೂನ್ 2’ ತೋರಿಸಿಕೊಟ್ಟು ಅಷ್ಟರಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಎಂದ ಮೇಲೆ ಸರದಿಯನ್ನು ಆಯ್ದುಕೊಂಡವರಿಗೆ ಬೇರೆ ದಾರಿ ಇತ್ತು, ಮತ್ತು ಅವರು ತಿಳಿದೇ ಆಯ್ದುಕೊಂಡರು. ಈ ಲೇಖನದ ವಾದವೆಂದರೆ, ಆಟಗಾರನು ತನ್ನ ಸೋಲನ್ನು ತನ್ನದೆಂದು ಒಪ್ಪಿಕೊಳ್ಳುವಂತಾಗಲು ಆಟವೊಂದು ಪೂರೈಸಬೇಕಾದ ಮೊದಲ ಷರತ್ತೇ ಸರದಿ, ಮತ್ತು ಹಳೆಯ ಅಭಿಮಾನಿಗಳು ಈ ಆಟಗಳನ್ನು ದಶಕಗಟ್ಟಲೆ ಬಿಡದೆ ಆಡುತ್ತಿರುವುದರ ಕಾರಣವೂ ಅಲ್ಲಿಯೇ ಇದೆ ಎಂಬುದು.

ಇಲ್ಲಿ ಎರಡು ಬಗೆಯ ಆಟಗಳನ್ನು ಗುರುತಿಸಿಕೊಳ್ಳಬೇಕಾಗುತ್ತದೆ. ಮೊದಲನೆಯದು ಆಟಗಾರರ ಮಾತಿನಲ್ಲಿ ‘ಟ್ಯಾಕ್ಟಿಕ್ಸ್’ ಎನಿಸಿಕೊಳ್ಳುವ ತಂತ್ರದ ಆಟ. ಇದರಲ್ಲಿ ಮನೆಮನೆಯಾಗಿ ವಿಂಗಡಿಸಿದ ಸಣ್ಣದೊಂದು ರಣಭೂಮಿಯಿರುತ್ತದೆ, ಬೆರಳೆಣಿಕೆಯಷ್ಟು ಮಂದಿಯ ಒಂದು ತಂಡವಿರುತ್ತದೆ, ಮತ್ತು ಒಂದು ಸರದಿಯಲ್ಲಿ ಒಬ್ಬೊಬ್ಬರೂ ಇಷ್ಟು ಹೆಜ್ಜೆ ನಡೆದು ಇಂಥದೊಂದು ಕೆಲಸ ಮಾಡಬಹುದೆಂಬ ಕಟ್ಟುನಿಟ್ಟಿರುತ್ತದೆ. ಎರಡನೆಯದು ‘ಆರ್‌ಪಿಜಿ’ ಎಂಬ ಮೊಟಕು ಹೆಸರಿನ ಪಾತ್ರಧಾರಣೆಯ ಆಟ. ಇಲ್ಲಿ ಆಟಗಾರನು ಒಂದು ಪಾತ್ರವನ್ನೋ ಒಂದು ತಂಡವನ್ನೋ ವಹಿಸಿಕೊಂಡು, ಹೋರಾಟದಿಂದಲೂ ಮಾತುಕತೆಯಿಂದಲೂ ಅನುಭವದ ಅಂಕಗಳನ್ನು ಗಳಿಸಿ, ಹಂತಹಂತವಾಗಿ ಅದನ್ನು ಬಲಿಸುತ್ತ, ಹತ್ತಾರು ಗಂಟೆಗಳ ಕಥೆಯೊಂದನ್ನು ದಾಟುತ್ತಾನೆ. ಎರಡೂ ಬೆರೆತಾಗ ಕಾಯಿಗಳಿಗೆ ಹೆಸರು, ಮುಖ, ಹಿಂದಿನ ಗಾಯ ಎಲ್ಲವೂ ಬರುತ್ತವೆ. ಚದುರಂಗದ ಕಾಲಾಳಿಗೆ ಇವು ಯಾವುವೂ ಇಲ್ಲ.

ಕಾವೇರಿಯು ಕೊಡಗನ್ನು ಬಿಟ್ಟು ಬಯಲಿಗಿಳಿಯುವ ಅಂಚಿನಲ್ಲಿರುವ, ಕಾಫಿ ತೋಟಗಳಿಗಿಂತ ಭತ್ತ, ಮುಸುಕಿನ ಜೋಳ, ಶುಂಠಿಯ ಹೊಲಗಳೇ ಹೆಚ್ಚಾಗಿ ಕಾಣುವ, ಗಡಿಯಾಚೆ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರಗಳಿಗೆ ಹೊಂದಿಕೊಂಡಂತಿರುವ ಶಿರಂಗಾಲದಂಥ ಊರಿನಿಂದ ಈ ವಿಷಯವನ್ನು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅನುಕೂಲದ ಸಂಗತಿ. ಇಂಟರ್ನೆಟ್ಟಿನ ಮೂಲಕ ಎದುರಾಳಿಯೊಡನೆ ನಿರಂತರ ಚಲನೆಯಲ್ಲಿ ಆಡುವ ಶೂಟಿಂಗ್ ಆಟಗಳಲ್ಲಿ ‘ಪಿಂಗ್’ ಎಂಬ ಅಳತೆ ನಿರ್ಣಾಯಕವಾಗಿರುತ್ತದೆ. ಒತ್ತಿದ ಗುಂಡಿಯ ಸುದ್ದಿ ದೂರದ ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡುಗಳ ಲೆಕ್ಕ ಅದು, ಮತ್ತು ಆ ಲೆಕ್ಕದಲ್ಲಿ ನಗರದವನಿಗೂ ಮಳೆಗಾಲದ ಮಲೆನಾಡಿನ ಸೆರಗಿನವನಿಗೂ ಸಮಪಾಲು ಸಿಕ್ಕುವುದಿಲ್ಲ. ಸರದಿಯ ಆಟಕ್ಕೆ ಆ ಹಂಗಿಲ್ಲ. ಒಂಟಿಯಾಗಿ ಆಡುವ ಬಹುಪಾಲು ತಂತ್ರದ ಆಟಗಳಿಗೆ ಒಮ್ಮೆ ಇಳಿಸಿಕೊಂಡ ಮೇಲೆ ನೆಟ್‌ವರ್ಕೇ ಬೇಡ, ದುಬಾರಿಯ ಗ್ರಾಫಿಕ್ಸ್ ಕಾರ್ಡೂ ಬೇಡ. ನಡುವೆ ಯಾರಾದರೂ ಕರೆದರೆ ಎದ್ದುಹೋಗಿ ಬಂದರೂ ಶತ್ರುವಿನ ಪಡೆ ನಿಂತಲ್ಲೇ ನಿಂತಿರುತ್ತದೆ. ಆದರೆ ಇದು ಅನುಕೂಲದ ಮಾತೇ ಹೊರತು ಗುಣದ ಮಾತಲ್ಲ. ವಾದಕ್ಕೆ ಹೆಚ್ಚು ಉಪಯುಕ್ತವಾದದ್ದು, ವಿದ್ಯುತ್ತು ಬರುವುದಕ್ಕೂ ಮುಂಚಿನಿಂದ ಈ ಸೀಮೆಯ ಮನೆಗಳ ಜಗಲಿಯ ಮೇಲೆ, ದೇವಸ್ಥಾನಗಳ ಕಟ್ಟೆಯ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಬರೆದು ಆಡುತ್ತಿದ್ದ ಆಟಗಳು.

ಅವುಗಳಲ್ಲಿ ಹುಲಿ-ಕುರಿಯ ಆಟವನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯವಾಗಿ ಬಳಕೆಯಲ್ಲಿರುವ ತ್ರಿಕೋನದ ಪಟದಲ್ಲಿ ಗೆರೆಗಳು ಕೂಡುವ 23 ಬಿಂದುಗಳಿರುತ್ತವೆ. ಒಬ್ಬನ ಕೈಯಲ್ಲಿ ಮೂರು ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಹುಲಿಯು ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಬಿಂದುವಿಗೆ ಇಳಿದರೆ ಕುರಿ ಸತ್ತಂತೆ. ಕುರಿಗೆ ಕೊಲ್ಲುವ ಅಧಿಕಾರವೇ ಇಲ್ಲ; ಹುಲಿಗಳು ಅಲುಗಾಡದಂತೆ ಸುತ್ತ ಕಟ್ಟುವುದೊಂದೇ ಅದರ ಗೆಲುವು. ಹದಿನೈದೂ ಕುರಿಗಳು ಒಂದೊಂದಾಗಿ ಪಟದ ಮೇಲೆ ಇಳಿಯುವ ತನಕ ಇಳಿದ ಕುರಿ ಜಾಗ ಬಿಟ್ಟು ಕದಲುವಂತಿಲ್ಲ, ಹುಲಿ ಮಾತ್ರ ಮೊದಲಿನಿಂದಲೂ ಬೇಟೆಯಾಡಬಹುದು. ಹೊಸಬನು ಕುರಿಗಳನ್ನು ಪಟದ ನಡುವೆ ಹರಡಿ ಕಳೆದುಕೊಳ್ಳುತ್ತಾನೆ. ಪಳಗಿದವನು ಹಿಂದೆ ಇಳಿಯಲು ಬಿಂದುವೇ ಇಲ್ಲದ ಅಂಚಿನಲ್ಲಿ ಒಂದನ್ನಿಟ್ಟು, ಅದೇ ಗೆರೆಯ ಮೇಲೆ ಅದಕ್ಕೆ ಬೆನ್ನು ಕೊಟ್ಟು ಇನ್ನೊಂದನ್ನಿಟ್ಟು, ಹುಲಿಯ ಹಾದಿಯನ್ನು ಒಂದೊಂದೇ ಗೇಣು ಕಿರಿದುಮಾಡುತ್ತ ಬರುತ್ತಾನೆ. ಎರಡು ಪಕ್ಷಗಳ ಬಲವಾಗಲಿ ನಿಯಮವಾಗಲಿ ಗುರಿಯಾಗಲಿ ಒಂದೇ ಅಲ್ಲದ, ಆದರೂ ಗೆಲುವಿನ ಅವಕಾಶ ಎರಡಕ್ಕೂ ಇರುವ ಈ ರಚನೆಯನ್ನು ವಿನ್ಯಾಸಕಾರರು ಅಸಮಬಲದ ರಚನೆ ಎನ್ನುತ್ತಾರೆ, ಮತ್ತು ‘ಎಕ್ಸ್-ಕಾಮ್’ನ ಮೂಳೆಕಟ್ಟು ಇದೇ: ಅನ್ಯಗ್ರಹದ ಜೀವಿಗಳು ಒಂದೊಂದೂ ಬಲಿಷ್ಠ, ಮನುಷ್ಯರು ಸಂಖ್ಯೆಯಲ್ಲಿ ಹೆಚ್ಚು, ಒಬ್ಬೊಬ್ಬನಾಗಿ ನೋಡಿದರೆ ಬಡಪಾಯಿಗಳು. ಜೂಲಿಯನ್ ಗೊಲಪ್ ರೂಪಿಸಿದ ಆ ಆಟದಲ್ಲಿ ಪ್ರತಿ ಸೈನಿಕನಿಗೂ ಸರದಿಗೆ ಇಂತಿಷ್ಟು ‘ಟೈಮ್ ಯೂನಿಟ್’ ದೊರೆಯುತ್ತವೆ. ಸಮತಟ್ಟಿನಲ್ಲಿ ಒಂದು ಮನೆ ನಡೆಯಲು ನಾಲ್ಕು, ಮಂಡಿಯೂರಲು ನಾಲ್ಕು, ಮತ್ತೆ ಎದ್ದುನಿಲ್ಲಲು ಎಂಟು ಖರ್ಚಾಗುತ್ತವೆ. ಅಷ್ಟನ್ನೂ ಖರ್ಚುಮಾಡಿ ಮುಂದೆ ನುಗ್ಗಿದವನು ಶತ್ರುವಿನ ಸರದಿಯಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಒಂದಿಷ್ಟು ಉಳಿಸಿಕೊಂಡವನು ಎದುರಿಗೆ ಸುಳಿದವನ ಮೇಲೆ ಗುಂಡು ಹಾರಿಸಬಲ್ಲ. ಕುರಿಯ ಹಿಂದಿನ ಬಿಂದುವನ್ನು ತುಂಬುವುದೂ ಈ ಉಳಿತಾಯವೂ ಒಂದೇ ಜಾತಿಯ ಯೋಚನೆಗಳು. ಎದುರಾಳಿಯ ಸರದಿಯಲ್ಲಿ ಏನಾಗಬಹುದೆಂಬುದನ್ನು ತನ್ನ ಸರದಿಯಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡರ ತಿರುಳು.

ಹುಲಿ-ಕುರಿಯಲ್ಲಿ ಅದೃಷ್ಟಕ್ಕೆ ಜಾಗವಿಲ್ಲ. ಚೌಕಾಬಾರದಲ್ಲಿ ಇದೆ, ಮತ್ತು ಅದು ಇರುವ ರೀತಿ ಗಮನಾರ್ಹವಾದದ್ದು. ಐದಕ್ಕೆ ಐದು ಮನೆಗಳ ಪಟದಲ್ಲಿ ನಾಲ್ಕು ಕವಡೆಗಳನ್ನೋ ಒಂದು ಬದಿ ತೇಯ್ದ ನಾಲ್ಕು ಹುಣಸೆಬೀಜಗಳನ್ನೋ ಎಸೆದು, ಮೊಗಚಿ ಬಿದ್ದವನ್ನು ಬಿಟ್ಟು ಬಾಯಿ ಮೇಲಾದವನ್ನು ಎಣಿಸಿ, ಅಷ್ಟು ಮನೆ ಕಾಯಿ ನಡೆಸಲಾಗುತ್ತದೆ. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮೊಗಚಿದರೆ ಬಾರ, ಅಂದರೆ ಎಂಟು. ಈ ಎರಡು ಬಿದ್ದರೆ ಮತ್ತೊಂದು ಎಸೆತ. ಊರಿಂದೂರಿಗೆ ನಿಯಮಗಳು ಒಂದಿಷ್ಟು ಆಚೀಚೆಯಾದರೂ ಲೆಕ್ಕ ಬದಲಾಗುವುದಿಲ್ಲ. ಕವಡೆಯು ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ (ನಿಜದ ಕವಡೆ ಅಷ್ಟು ಸಂಭಾವಿತನಲ್ಲ) ಒಟ್ಟು 16 ಸಾಧ್ಯತೆಗಳಲ್ಲಿ ಎರಡು ಬೀಳುವ ಸಾಧ್ಯತೆ 6, ಒಂದು ಮತ್ತು ಮೂರು ತಲಾ 4, ಚೌಕ ಮತ್ತು ಬಾರ ತಲಾ 1. ಆದ್ದರಿಂದ ವೈರಿಯ ಕಾಯಿಗೆ ಎರಡು ಮನೆ ಮುಂದೆ ತನ್ನ ಕಾಯಿಯನ್ನು ಬಿಟ್ಟವನು ಹೆಚ್ಚಿನ ಅಪಾಯದಲ್ಲಿರುತ್ತಾನೆ, ನಾಲ್ಕು ಮನೆ ಮುಂದೆ ಬಿಟ್ಟವನು ಅದರ ಆರನೆಯ ಒಂದು ಪಾಲು ಅಪಾಯದಲ್ಲಿರುತ್ತಾನೆ. ಭಿನ್ನರಾಶಿಯ ಹೆಸರನ್ನೇ ಕೇಳದ ಅಜ್ಜಿಯರು ಈ ಲೆಕ್ಕವನ್ನು ತಪ್ಪದೆ ಮಾಡುತ್ತಿದ್ದರು. ಎರಡನೆಯ ಮನೆಯಲ್ಲಿ ಸಿಕ್ಕಿಬಿದ್ದ ಕಾಯಿಯನ್ನು ಬಿಟ್ಟು, ಹಣ್ಣಾಗಲು ಹೊರಟ ಕಾಯಿಯನ್ನು ದುಡುಕಿ ನಡೆಸಿದ ಮೊಮ್ಮಕ್ಕಳನ್ನು ಗದರಿಸುತ್ತಿದ್ದದ್ದೂ ಅದಕ್ಕೇ.

ಚೌಕಾಬಾರದಲ್ಲಿ ಅದೃಷ್ಟ ಮೊದಲು ಬಂದು ನಿರ್ಧಾರ ಆಮೇಲೆ ಬರುತ್ತದೆ: ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕೆಂಬುದು ಆಟಗಾರನ ಕೈಯಲ್ಲಿರುತ್ತದೆ. ‘ಎಕ್ಸ್-ಕಾಮ್’ ಮಾದರಿಯ ಆಟಗಳಲ್ಲಿ ಕ್ರಮ ತಿರುವುಮುರುವು: ಗುಂಡು ಹಾರಿಸುವ ನಿರ್ಧಾರ ಮೊದಲು, ಅದು ತಗುಲಿತೇ ಇಲ್ಲವೇ ಎಂಬ ಅದೃಷ್ಟದ ತೀರ್ಪು ಆಮೇಲೆ. ಮೊದಲನೆಯದನ್ನು ಮುಂಗಡ ಅದೃಷ್ಟವೆಂದೂ ಎರಡನೆಯದನ್ನು ಹಿಂಬರುವ ಅದೃಷ್ಟವೆಂದೂ ಕರೆಯಬಹುದು. ಇವೆರಡೂ ಇಲ್ಲದ ಮೂರನೆಯದೊಂದು ಮಹಾಭಾರತದ ದ್ಯೂತದಲ್ಲಿದೆ. ಕುಮಾರವ್ಯಾಸನ ಸಭಾಪರ್ವ ಓದಿದವರಿಗೆಲ್ಲ ಗೊತ್ತಿರುವಂತೆ, ಅಲ್ಲಿ ಧರ್ಮರಾಯನ ಪಾಲಿಗೆ ಬಂದದ್ದು ಪಣ ಒಡ್ಡುವ ನಿರ್ಧಾರವೊಂದೇ. ಮಿಕ್ಕದ್ದು ದಾಳದ, ಶಕುನಿಯ ಪಾಲು. ಕರ್ನಾಟಕದ ಸಾರ್ವಜನಿಕ ಚರ್ಚೆಯಲ್ಲಿ ಈ ಭೇದಗಳನ್ನು ಮರೆತು ‘ಆನ್‌ಲೈನ್ ಗೇಮ್’ ಎಂಬ ಒಂದೇ ಗೋಣಿಚೀಲಕ್ಕೆ ಎಲ್ಲವನ್ನೂ ತುಂಬುವ ಅಭ್ಯಾಸವಿದೆ. ನ್ಯಾಯಾಲಯಗಳು ಮಾತ್ರ ಇದನ್ನು ಬಹಳ ಹಿಂದಿನಿಂದ ವಿಂಗಡಿಸುತ್ತ ಬಂದಿವೆ: ಕೌಶಲವೇ ಮೇಲುಗೈಯಾದ ಆಟ ಜೂಜಲ್ಲವೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ ಹೇಳಿತು, 1967ರಲ್ಲಿ ರಮ್ಮಿಗೂ ಅನ್ವಯಿಸಿತು, ಪೊಲೀಸ್ ಕಾಯ್ದೆಗೆ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯದ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿದ್ದರ ಹಿಂದೆಯೂ ಈ ವಿಂಗಡಣೆಯಿತ್ತು. 2025ರಲ್ಲಿ ಸಂಸತ್ತು ಒಪ್ಪಿದ ಕಾನೂನು ಕೌಶಲ, ಅದೃಷ್ಟಗಳ ಭೇದವನ್ನು ಬದಿಗಿಟ್ಟು, ಹಣ ಕಟ್ಟಿ ಆಡುವುದನ್ನೇ ನಿಷೇಧದ ಗೆರೆಯಾಗಿ ಎಳೆದುಕೊಂಡಿತು. ಹಣದ ಪಣವೇ ಇಲ್ಲದ ಒಂಟಿ ಆಟಗಾರನ ತಂತ್ರದ ಆಟಕ್ಕೂ ಈ ಯಾವ ವಿವಾದಕ್ಕೂ ಸಂಬಂಧವಿಲ್ಲ. ಆದರೂ ಮನೆಗಳಲ್ಲಿ ಬೈಗುಳ ಮಾತ್ರ ಎರಡಕ್ಕೂ ಒಂದೇ.

ಜಗಲಿಯ ಆಟಗಳಿಗೂ ಪರದೆಯ ಆಟಗಳಿಗೂ ಹೋಲಿಕೆ ಇದೆಯೆಂದ ಮಾತ್ರಕ್ಕೆ ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಬೀಗುವುದು ಬೇಕಿಲ್ಲ. ಆದರೆ ನೇರವಾದ ವಂಶಾವಳಿಯೊಂದು ನಿಜವಾಗಿಯೂ ಇದೆ, ಮತ್ತು ಅದರಲ್ಲಿ ಕರ್ನಾಟಕಕ್ಕೂ ಎರಡು ಪುಟಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನ ವಿನೋದಗಳ ನಡುವೆ ಚದುರಂಗ, ಪಗಡೆ, ಕವಡೆಯಾಟಗಳನ್ನು ವಿವರವಾಗಿ ಹೇಳುತ್ತದೆ. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲಿನ ದೀರ್ಘ ವಿರಾಮದಲ್ಲಿ, ಪಟದಾಟಗಳನ್ನೂ ಗಂಜೀಫಾ ಎಲೆಗಳ ಹೊಸ ಬಗೆಗಳನ್ನೂ ರಚಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಇಂಥ ಆಟಗಳಿಗೇ ಮೀಸಲು. ಅವರ ಕೆಲವು ಗಂಜೀಫಾ ಕಟ್ಟುಗಳಲ್ಲಿ ಮುನ್ನೂರಕ್ಕೂ ಮೀರಿದ ಎಲೆಗಳಿದ್ದವು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಸುತ್ತಿಸಿ ತರುವ ಕಠಿಣ ಲೆಕ್ಕದಲ್ಲೂ ಅವರಿಗೆ ಆಸಕ್ತಿಯಿತ್ತು. ರಾಜ್ಯವಾಳುವ ಸರದಿ ತಪ್ಪಿದ ಅರಸನೊಬ್ಬ ನಿಯಮಗಳನ್ನು ತಾನೇ ವಿಧಿಸಬಹುದಾದ ಸಣ್ಣ ರಾಜ್ಯಗಳನ್ನು ಕಟ್ಟುತ್ತ ಕೂತದ್ದರಲ್ಲಿ ಕರುಣೆಯೂ ಇದೆ, ಪ್ರತಿಭೆಯೂ ಇದೆ.

ವಂಶಾವಳಿಯ ಮುಖ್ಯ ಕವಲು ಮಾತ್ರ ಬೇರೆ ದಿಕ್ಕಿಗೆ ಹೋಯಿತು. ಭಾರತದಿಂದ ಪರ್ಷಿಯಾ, ಅರಬ್ ನಾಡುಗಳ ಹಾದಿಯಲ್ಲಿ ಯೂರೋಪು ತಲುಪಿದ ಚದುರಂಗವನ್ನು ಜರ್ಮನಿಯ ಬ್ರೌನ್‌ಷ್ವೈಗಿನ ಗಣಿತದ ಅಧ್ಯಾಪಕ ಹೆಲ್ವಿಗ್ 1780ರಲ್ಲಿ 1,617 ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ಜವುಗು, ನೀರುಗಳನ್ನು ಬಣ್ಣಗಳಿಂದ ಗುರುತಿಸಿ, ಯುದ್ಧದ ಪಾಠವಾಗಿ ಮಾರ್ಪಡಿಸಿದ. ಪ್ರಷ್ಯದ ರೈಸ್‌ವಿಟ್ಸ್ ತಂದೆಮಕ್ಕಳು ಮನೆಗಳ ಬದಲು ನಿಜವಾದ ಭೂಪಟವನ್ನೂ, ಹೊಡೆತದ ಫಲಿತಾಂಶಕ್ಕೆ ದಾಳವನ್ನೂ, ವಿವಾದ ತೀರ್ಮಾನಿಸಲು ಮಧ್ಯಸ್ಥನನ್ನೂ ತಂದು, 1824ರ ಹೊತ್ತಿಗೆ ಅದನ್ನು ಸೇನಾಧಿಕಾರಿಗಳ ತರಬೇತಿಯ ಸಾಧನವಾಗಿಸಿದರು. ಸೀಸದ ಸೈನಿಕರಿಂದ ಆಡುವ ಹವ್ಯಾಸವಾಗಿ ಇದೇ ಅಮೆರಿಕಕ್ಕೆ ಹೋಗಿ, 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಯಿತು. ಸೈನ್ಯದ ಬದಲು ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ, ಮಧ್ಯಸ್ಥನ ಬದಲು ಕಥೆ ನಡೆಸುವ ಸೂತ್ರಧಾರ. ಅದನ್ನು ಕಂಪ್ಯೂಟರಿಗೆ ತಂದ ‘ವಿಝರ್ಡ್ರಿ’, ‘ಅಲ್ಟಿಮಾ’ಗಳು 1981ರವು, ಅವುಗಳ ಪ್ರಭಾವದಿಂದ ಜಪಾನಿನಲ್ಲಿ 1986ರಲ್ಲಿ ‘ಡ್ರಾಗನ್ ಕ್ವೆಸ್ಟ್’ ಬಂದಿತು, ತಂತ್ರದ ಪಟಕ್ಕೆ ಪಾತ್ರಗಳ ಕಥೆಯನ್ನು ಬೆಸೆದ ‘ಫೈರ್ ಎಂಬ್ಲಮ್’ 1990ರದು.

ಈ ಕೊನೆಯ ಬೆಸುಗೆಯಿಂದಲೇ ಸೋಲಿನ ಪ್ರಶ್ನೆ ಹೊಸ ತೀವ್ರತೆ ಪಡೆಯಿತು. ‘ಫೈರ್ ಎಂಬ್ಲಮ್’ನಲ್ಲಿ ರಣದಲ್ಲಿ ಬಿದ್ದ ಪಾತ್ರ ಮತ್ತೆ ಏಳುವುದಿಲ್ಲ, ಮುಂದಿನ ಅಧ್ಯಾಯಗಳು ಆ ವ್ಯಕ್ತಿಯಿಲ್ಲದೆಯೇ ಸಾಗುತ್ತವೆ. ಕ್ಷಣಾರ್ಧದ ಕೈತಪ್ಪಿನಿಂದ ಇಂಥ ನಷ್ಟವಾದರೆ ಆಟಗಾರ ಬೆರಳನ್ನು ದೂರಬಹುದು, ಯಂತ್ರವನ್ನು ದೂರಬಹುದು. ಸರದಿಯ ಆಟದಲ್ಲಿ ಆ ಬಾಗಿಲುಗಳು ಮುಚ್ಚಿರುತ್ತವೆ: ಪಟ ಪೂರ್ತಿ ತೆರೆದಿತ್ತು, ಯೋಚಿಸಲು ಬೇಕಾದಷ್ಟು ಹೊತ್ತಿತ್ತು, ಅಪಾಯದ ಪ್ರಮಾಣವೂ ಅಂಕಿಯಲ್ಲಿ ಬರೆದಿತ್ತು, ಆದರೂ ಆ ಬಿಲ್ಲುಗಾರನನ್ನು ಸೇತುವೆಯ ಬಾಯಲ್ಲಿ ಒಬ್ಬನನ್ನೇ ನಿಲ್ಲಿಸಿದ್ದು ಆಟಗಾರನೇ. ಉಳಿದದ್ದು ಅದೃಷ್ಟದ ಬಾಗಿಲೊಂದು. ಅದನ್ನು ಎಷ್ಟು ತೆರೆದಿಡಬೇಕೆಂಬುದರ ಮೇಲೆ ಈ ಪ್ರಕಾರದ ಪ್ರಾಮಾಣಿಕತೆ ನಿಂತಿದೆ.

2012ರಲ್ಲಿ ಜೇಕ್ ಸೊಲೊಮನ್ ನೇತೃತ್ವದಲ್ಲಿ ಫೈರಾಕ್ಸಿಸ್ ಸಂಸ್ಥೆ ಹೊಸದಾಗಿ ರೂಪಿಸಿದ ‘ಎಕ್ಸ್‌ಕಾಮ್’ನಲ್ಲಿ ಗುಂಡು ಹಾರಿಸುವ ಮುನ್ನ ಅದು ತಗುಲುವ ಸಾಧ್ಯತೆ ಶೇಕಡಾವಾರಿನಲ್ಲಿ ಪರದೆಯ ಮೇಲೆ ಮೂಡುತ್ತದೆ. ಶೇ 95 ಎಂದು ತೋರಿಸಿದ ಗುಂಡು ಗುರಿ ತಪ್ಪಿದಾಗ ಆಟಗಾರರು ‘ಇದು ಮೋಸ’ ಎಂದು ಕೂಗಾಡುವುದು ಈ ಆಟದ ಜಾನಪದದ ಭಾಗವೇ ಆಗಿಬಿಟ್ಟಿದೆ. ಆದರೆ ಅಂಥ ಇಪ್ಪತ್ತು ಗುಂಡು ಹಾರಿಸಿದರೆ ಒಂದಾದರೂ ತಪ್ಪುವ ಸಾಧ್ಯತೆ ಸುಮಾರು ಶೇ 64. ಒಂದು ಅಭಿಯಾನದಲ್ಲಿ ಹಾರುವುದು ನೂರಾರು ಗುಂಡು. ಮನುಷ್ಯನ ಮನಸ್ಸು ತೊಂಬತ್ತನ್ನು ನೂರೆಂದೂ ಹತ್ತನ್ನು ಸೊನ್ನೆಯೆಂದೂ ಓದಿಕೊಳ್ಳುತ್ತದೆ. ‘ಸಿವಿಲೈಸೇಶನ್’ ಸರಣಿಯ ಕರ್ತೃ ಸಿಡ್ ಮೈಯರ್ 2010ರ ಉಪನ್ಯಾಸವೊಂದರಲ್ಲಿ, ಮೂರಕ್ಕೆ ಒಂದರ ಅನುಕೂಲವಿದ್ದೂ ಸೋತಾಗ ಸಿಡಿಮಿಡಿಗೊಳ್ಳುವ ಆಟಗಾರರು ಅದೇ ಅನುಪಾತದಲ್ಲಿ ತಮಗೆ ಪ್ರತಿಕೂಲವಿದ್ದು ಗೆದ್ದಾಗ ಚಕಾರವೆತ್ತುವುದಿಲ್ಲವೆಂಬ ಸಂಗತಿಯನ್ನು ವಿವರಿಸಿದ್ದ.

ಈ ದೌರ್ಬಲ್ಯಕ್ಕೆ ಕೆಲವು ವಿನ್ಯಾಸಕಾರರು ಕಂಡುಕೊಂಡ ಉಪಾಯ ಸುಳ್ಳು ಹೇಳುವುದು. ‘ಫೈರ್ ಎಂಬ್ಲಮ್’ 2002ರಿಂದ ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ಎತ್ತಿ ಅವುಗಳ ಸರಾಸರಿಯನ್ನು ಬಳಸತೊಡಗಿತು. ಸರಾಸರಿಗಳು ನಡುವಿನತ್ತ ಗುಂಪುಗೂಡುವುದರಿಂದ, ಪರದೆಯ ಮೇಲಿನ 90 ಒಳಗೆ 98ಕ್ಕೂ ಹೆಚ್ಚಾಗಿಯೂ, 70 ಎಂಬುದು 82 ಆಗಿಯೂ, 10 ಎಂಬುದು ಬರಿಯ 2 ಆಗಿಯೂ ಕೆಲಸ ಮಾಡುತ್ತದೆ. ಆಟಗಾರನಿಗೆ ಹಿತವೆನಿಸುತ್ತದೆ, ನಿಜ. ಆದರೆ ತೋರಿಸಿದ ಅಂಕಿಯನ್ನು ನಂಬಿ ಲೆಕ್ಕ ಹಾಕುವವನ ಲೆಕ್ಕವನ್ನೇ ಅದು ಹುಸಿಯಾಗಿಸುತ್ತದೆ. ಆ ಆಟಗಳ ಮೇಲಿನ ಪ್ರೀತಿಯನ್ನು ಕಡಿಮೆ ಮಾಡಿಕೊಳ್ಳದೆಯೇ ಇದನ್ನು ದೋಷವೆಂದು ಕರೆಯಬೇಕು. ಇದಕ್ಕೆ ಹೋಲಿಸಿದರೆ ಬೆಲ್ಜಿಯಮ್ಮಿನ ಲೇರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಹೆಚ್ಚು ನೇರ. ಮಾತುಕತೆಯಲ್ಲಿ ಒಬ್ಬನನ್ನು ಒಪ್ಪಿಸಬೇಕಾದಾಗಲೂ ಇಪ್ಪತ್ತು ಮುಖದ ದಾಳ ಪರದೆಯ ಮೇಲೆಯೇ ಉರುಳಿ, ಎಷ್ಟು ಬೇಕಿತ್ತು, ಎಷ್ಟು ಬಿತ್ತು, ಪಾತ್ರದ ಗುಣದಿಂದ ಎಷ್ಟು ಕೂಡಿತು ಎಂಬುದೆಲ್ಲ ಕಾಣುತ್ತದೆ. ದುರದೃಷ್ಟದ ಸರಮಾಲೆಯನ್ನು ತಡೆಯಲು ಅದರಲ್ಲೂ ಒಂದು ಸಡಿಲಿಕೆ ಇದೆ, ‘ಕಾರ್ಮಿಕ್ ಡೈಸ್’ ಎಂಬ ಹೆಸರಿನಲ್ಲಿ. ಕರ್ಮಸಿದ್ಧಾಂತವನ್ನು ಬಲ್ಲವರು ಆ ಹೆಸರಿಗೆ ನಗಬಹುದು, ಆದರೆ ಅದು ಆಯ್ಕೆಗಳ ಪಟ್ಟಿಯಲ್ಲಿ ಬಹಿರಂಗವಾಗಿದೆ, ಬೇಡವೆಂದವರು ತೆಗೆದುಹಾಕಬಹುದು.

ಸರದಿಯಿಂದ ಹೊಣೆ ಹುಟ್ಟುತ್ತದೆಂಬ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಸೇವ್ ಮಾಡಿಟ್ಟ ಹಂತಕ್ಕೆ ಹಿಂದಿರುಗಿ ತಪ್ಪನ್ನು ಅಳಿಸಿಹಾಕುವ ಸೌಲಭ್ಯ ಹೆಚ್ಚಿನ ಆಟಗಳಲ್ಲಿರುವಾಗ ಹೊಣೆ ಎಲ್ಲಿಂದ ಬಂತು? ಗುಂಡು ತಪ್ಪಿದೊಡನೆ ಹಿಂದಿರುಗಿ, ತಗುಲುವವರೆಗೂ ಮರಳಿ ಯತ್ನಿಸುವುದನ್ನು ಆಟಗಾರರು ‘ಸೇವ್ ಸ್ಕಮ್ಮಿಂಗ್’ ಎನ್ನುತ್ತಾರೆ, ಮತ್ತು ಮಾಡದವರು ವಿರಳ. ಇದಕ್ಕೆ ವಿನ್ಯಾಸದೊಳಗಿನ ಉತ್ತರಗಳಿವೆ: ‘ಎಕ್ಸ್‌ಕಾಮ್’ನ ‘ಐರನ್‌ಮ್ಯಾನ್’ ವಿಧಾನದಲ್ಲಿ ಒಂದೇ ಸೇವ್, ಅದನ್ನೂ ಆಟವೇ ತಾನಾಗಿ ಬರೆದುಕೊಳ್ಳುತ್ತದೆ, 2018ರ ‘ಇನ್‌ಟು ದ ಬ್ರೀಚ್’ನಲ್ಲಿ ಒಂದು ಕದನಕ್ಕೆ ಒಂದೇ ಸಲ ಒಂದು ಸರದಿಯನ್ನು ಹಿಂದಕ್ಕೆ ಪಡೆಯಬಹುದು. ಆ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶತ್ರು ಮುಂದಿನ ಸರದಿಯಲ್ಲಿ ಎಲ್ಲಿಗೆ, ಎಷ್ಟು ಬಲವಾಗಿ ಹೊಡೆಯುತ್ತದೆಂಬುದನ್ನು ಮೊದಲೇ ತೋರಿಸಿಬಿಡುತ್ತದೆ. ಎಂಟಕ್ಕೆ ಎಂಟು ಮನೆಗಳ ಪುಟ್ಟ ಪಟದಲ್ಲಿ ಅದೃಷ್ಟವನ್ನು ಬಹುಮಟ್ಟಿಗೆ ಹೊರಗಟ್ಟಿ ಹುಲಿ-ಕುರಿಯ ಶುದ್ಧತೆಗೆ ಮರಳಿದಂತಿದೆ ಅದರ ರಚನೆ. ಆದರೆ ಆಕ್ಷೇಪ ಇಷ್ಟರಿಂದ ಪೂರ್ತಿ ಬಗೆಹರಿಯುವುದಿಲ್ಲ. ಆಟ ಒಡ್ಡಿದ ಹೊಣೆಯನ್ನು ಆಟಗಾರ ಹೊರಬಹುದು, ಜಾರಿಕೊಳ್ಳಲೂಬಹುದು. ಜಾರಿಕೊಂಡವನಿಗೆ ತಾನು ಜಾರಿಕೊಂಡೆನೆಂಬುದು ಗೊತ್ತಿರುತ್ತದೆ ಎಂಬಷ್ಟನ್ನು ಮಾತ್ರ ಹೇಳಬಹುದು.

ಇನ್ನೊಂದು ಆಕ್ಷೇಪ ನೈತಿಕವಾದದ್ದು, ಮತ್ತು ಅಭಿಮಾನಿಗಳು ಅದನ್ನು ಎದುರಿಸಲು ಹಿಂಜರಿಯುತ್ತಾರೆ. ಯುದ್ಧವನ್ನು ಮೇಲಿನಿಂದ ನೋಡಿ, ಮನುಷ್ಯರನ್ನು ಹೆಜ್ಜೆಗಳೂ ಶೇಕಡಾವಾರುಗಳೂ ಆಗಿ ಎಣಿಸುವ ದೃಷ್ಟಿ ಪ್ರಷ್ಯದ ಸೇನಾ ಕಚೇರಿಯಿಂದ ಬಂದದ್ದೆಂಬುದನ್ನು ಅಲ್ಲಗಳೆಯುವಂತಿಲ್ಲ. ಶತ್ರುವಿಗೆ ಹೆಸರಿಲ್ಲ, ಹಳ್ಳಿಗೆ ರೈತನಿಲ್ಲ, ಸುಟ್ಟ ಹೊಲ ‘ಮರೆಯಿಲ್ಲದ ಮನೆ’ ಅಷ್ಟೆ. ಪಾತ್ರಧಾರಣೆಯ ಅಂಶ ಬೆರೆತಾಗ ಈ ಕುರುಡು ಒಂದಿಷ್ಟು ಕಡಿಮೆಯಾಗುತ್ತದೆ, ಏಕೆಂದರೆ ಅಲ್ಲಿ ಕಾಯಿಗೆ ಬಾಯಿ ಬಂದಿರುತ್ತದೆ. ಯಸುಮಿ ಮತ್ಸುನೊ ರೂಪಿಸಿದ 1995ರ ‘ಟ್ಯಾಕ್ಟಿಕ್ಸ್ ಓಗರ್’ನಲ್ಲಿ ತನ್ನದೇ ಜನರ ಊರೊಂದನ್ನು ಕೊಂದು ವೈರಿಯ ಮೇಲೆ ಆರೋಪ ಹೊರಿಸಬೇಕೆಂಬ ಆಜ್ಞೆ ನಾಯಕನಿಗೆ ಬರುತ್ತದೆ, ಪಾಲಿಸುವುದೋ ಬಿಡುವುದೋ ಆಟಗಾರನ ನಿರ್ಧಾರ, ಮತ್ತು ಮುಂದಿನ ಕಥೆ ಆ ನಿರ್ಧಾರದಿಂದಲೇ ಕವಲೊಡೆಯುತ್ತದೆ. ಈ ಪ್ರಕಾರದ ಸಾಧ್ಯತೆ ಏನೆಂಬುದಕ್ಕೆ ಅಂಥ ಆಟ ಸಾಕ್ಷಿ. ಬಹುಪಾಲು ಆಟಗಳು ಅಷ್ಟು ದೂರ ಹೋಗುವುದಿಲ್ಲವೆಂಬುದೂ ನಿಜ. ಒಂದೇ ಕಾಡಿನ ಅದೇ ಪ್ರಾಣಿಗಳನ್ನು ಅಂಕಕ್ಕಾಗಿ ಗಂಟೆಗಟ್ಟಲೆ ಹೊಡೆಯಿಸುವ, ಆಟಗಾರರು ‘ಗ್ರೈಂಡ್’ ಎಂದು ಕರೆಯುವ ಚಾಕರಿಯನ್ನಂತೂ ಸಮರ್ಥಿಸುವ ಅಗತ್ಯವೇ ಇಲ್ಲ. ಅಲ್ಲಿ ಸರದಿಯಿದ್ದೂ ಯೋಚನೆಯಿರುವುದಿಲ್ಲ.

ಮಾರುಕಟ್ಟೆಯ ಕಥೆಯನ್ನು ಬೇಗ ಮುಗಿಸಬಹುದು. 1990ರ ದಶಕದ ಕೊನೆಯಿಂದ ಹತ್ತು ಹದಿನೈದು ವರ್ಷ ದೊಡ್ಡ ಪ್ರಕಾಶಕರು ಸರದಿಯ ಆಟಕ್ಕೆ ಕಾಲ ಮುಗಿಯಿತೆಂದು ನಂಬಿದರು. 1998ರ ಮೊದಲ ‘ಬಾಲ್ಡರ್ಸ್ ಗೇಟ್’ ಸರದಿಯನ್ನು ಮರೆಗೆ ಸರಿಸಿ, ನಿರಂತರ ಚಲನೆಗೆ ಬೇಕೆಂದಾಗ ನಿಲ್ಲಿಸುವ ಗುಂಡಿಯೊಂದನ್ನು ಕೊಟ್ಟಿತು. 2010ರಲ್ಲಿ ‘ಎಕ್ಸ್‌ಕಾಮ್’ ಹೆಸರಿನಲ್ಲಿ ಶೂಟಿಂಗ್ ಆಟವೊಂದನ್ನು ಘೋಷಿಸಿದಾಗ ಹಳೆಯ ಅಭಿಮಾನಿಗಳು ಕೆರಳಿದರು. ಎರಡು ವರ್ಷದ ನಂತರ ಸರದಿಯ ‘ಎಕ್ಸ್‌ಕಾಮ್’ ಗೆದ್ದಿತು, ಶೂಟಿಂಗ್ ಆಟ 2013ರಲ್ಲಿ ಬಂದು ಸದ್ದಿಲ್ಲದೆ ಹೋಯಿತು. 2014ರಲ್ಲಿ ಅಭಿಮಾನಿಗಳ ಚಂದಾಹಣವನ್ನೂ ಕೂಡಿಸಿಕೊಂಡು ‘ಡಿವಿನಿಟಿ: ಒರಿಜಿನಲ್ ಸಿನ್’ ಎಂಬ ಸರದಿಯ ಆಟ ಮಾಡಿದ ಲೇರಿಯನ್, ‘ಬಾಲ್ಡರ್ಸ್ ಗೇಟ್’ನ ಮೂರನೆಯ ಭಾಗವನ್ನು ವಹಿಸಿಕೊಂಡು, ಮೊದಲ ಭಾಗ ಮರೆಗೆ ಸರಿಸಿದ್ದ ಸರದಿಯನ್ನು ಮುಂದಕ್ಕೆ ತಂದಿತು; 2023ರಲ್ಲಿ ಅದು ವರ್ಷದ ಆಟವೆಂಬ ಪ್ರಶಸ್ತಿಗಳನ್ನು ಬಾಚಿಕೊಂಡಿತು. ಗೆಲುವು ವಾದವನ್ನು ಸಾಬೀತುಮಾಡುವುದಿಲ್ಲ. ಆದರೂ ಯಂತ್ರಬಲ ಹೆಚ್ಚಿದಷ್ಟೂ ಸರದಿ ಅಳಿಯುತ್ತದೆಂಬ ಭವಿಷ್ಯವಾಣಿ ಸುಳ್ಳಾಯಿತೆಂಬುದಕ್ಕೆ ಅಷ್ಟು ಸಾಕು.

ಶಿರಂಗಾಲದ ಆಟಗಾರನಿಗೆ ಈ ಪರಂಪರೆಯ ಎಷ್ಟು ಪಾಲು ತಲುಪುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಹುಲಿ-ಕುರಿಗೆ ಅಕ್ಷರವೇ ಬೇಡ, ‘ಇನ್‌ಟು ದ ಬ್ರೀಚ್’ಗೆ ಒಂದಿಷ್ಟು ಇಂಗ್ಲಿಷು ಸಾಕು, ಆದರೆ ‘ಬಾಲ್ಡರ್ಸ್ ಗೇಟ್ 3’ರಂಥ ಆಟ ಒಂದು ಬೃಹತ್ ಕಾದಂಬರಿ, ಅದು ಕನ್ನಡದಲ್ಲಿಲ್ಲ. ತಂತ್ರ ಪೂರ್ತಿಯಾಗಿ ದಕ್ಕುತ್ತದೆ, ಪಾತ್ರ ಅರ್ಧಂಬರ್ಧ: ವ್ಯಂಗ್ಯವೋ ಬೆದರಿಕೆಯೋ ತಿಳಿಯದ ಉತ್ತರವೊಂದನ್ನು ಒತ್ತಿ ಸಂಗಾತಿಯ ಮುನಿಸಿಗೆ ಗುರಿಯಾದವನಿಗೆ ಆ ಸೋಲನ್ನು ತನ್ನದೆಂದು ಒಪ್ಪಿಕೊಳ್ಳಬೇಕೆಂದು ಹೇಳುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರ್‌ಆಕ್ಟಿವ್ ಶುರುವಾಗಿ ವಿದೇಶಿ ಆಟಗಳಿಗೆ ಚಿತ್ರಕಲೆಯನ್ನು ಒದಗಿಸಿತು. ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಿಂದ ನೀತಿಗಳನ್ನು ಪ್ರಕಟಿಸುತ್ತ ಬಂದಿದೆ. ಕಸುಬು ಬಲ್ಲವರ ಕೊರತೆಯಂತೂ ಇಲ್ಲ. ಸರದಿಯ ಆಟ ಮಾಡಲು ಸಾವಿರ ಜನರ ಸಂಸ್ಥೆಯೂ ಬೇಕಿಲ್ಲ: ‘ಇನ್‌ಟು ದ ಬ್ರೀಚ್’ನ ವಿನ್ಯಾಸವನ್ನು ಮುಖ್ಯವಾಗಿ ಹೊತ್ತವರು ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಇಬ್ಬರೇ. ಅಸಮಬಲದ ಪಟ ಜಗಲಿಯ ಮೇಲಿದೆ, ಮುಮ್ಮಡಿಯವರ ಕಾಲದ ಪಟಗಳನ್ನು ಮತ್ತೆ ಮಾಡಿಸಿ ಪ್ರದರ್ಶನಕ್ಕಿಡುವ ಕೆಲಸವನ್ನು ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಮಾಡುತ್ತಿದೆ. ಈಗ ಬೇಕಾಗಿರುವುದು, ಕುಶಾಲನಗರದ ಸಂತೆಯಲ್ಲಿ ಶುಂಠಿಯ ದರಕ್ಕೆ ಚೌಕಾಸಿ ಮಾಡುವವನ ಒಂದು ಮಾತಿಗೆ ನಾಲ್ಕು ಬಗೆಯ ಉತ್ತರ ಬರೆದು, ಆ ನಾಲ್ಕರಿಂದಲೂ ಬೇರೆಬೇರೆ ಪರಿಣಾಮಗಳನ್ನು ನಲವತ್ತು ಗಂಟೆ ದೂರದ ತನಕ ಎಳೆದುಕೊಂಡು ಹೋಗಬಲ್ಲ ಕನ್ನಡದ ಬರಹಗಾರರು. ಕಥೆಗಾರರೂ ನಾಟಕಕಾರರೂ ಈ ಕೆಲಸವನ್ನು ಬರವಣಿಗೆಯೆಂದು ಇನ್ನೂ ಎಣಿಸಿದಂತೆ ಕಾಣುವುದಿಲ್ಲ.